ರೇಸ್ ಮುಗಿದ ಮೇಲೆ ಬಿಡುವು ತಗೊಂಡರೆ ಫಿಟ್ನೆಸ್ ಹೋಗಿಬಿಡುತ್ತಾ?

ಪ್ರಶ್ನೆ: ನವೆಂಬರ್‌ನಲ್ಲಿ ಗೋವಾದ 70.3 ಟ್ರೈಅಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿ ಒಟ್ಟು 70.3 ಮೈಲಿಯ ಸ್ಪರ್ಧೆ) ಮುಗಿಸಿ ಬಂದೆ. ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಕಟ್ಟಿಕೊಂಡ ಫಿಟ್ನೆಸ್ ಇದು. ಈಗ ಸ್ವಲ್ಪ ದಿನ ಬಿಡು ಅಂತ ಎಲ್ಲರೂ ಹೇಳುತ್ತಿದ್ದಾರೆ. ಜನವರಿಯ ಮುಂಬೈ ಮ್ಯಾರಥಾನ್‌ಗೆ ಬೇರೆ ಹೆಸರು ಕೊಟ್ಟಿದ್ದೇನೆ. ಬಿಟ್ಟರೆ ಎಲ್ಲಾ ಹೋಗಿಬಿಡುತ್ತಾ? ಆಫ್ ಸೀಸನ್‌ನಲ್ಲಿ ನನ್ನಂಥ ಹವ್ಯಾಸಿಗಳು ಏನು ಮಾಡಬೇಕು?

ಉತ್ತರ: ಮೊದಲು ನಿಮಗೆ ಅಭಿನಂದನೆ. ಮೀರಾಮಾರ್ ಕಡಲಲ್ಲಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, ಆ ಸೆಕೆಯಲ್ಲಿ 21.1 ಕಿಲೋಮೀಟರ್ ಓಡುವುದು ಸಣ್ಣ ಮಾತಲ್ಲ.

ಇನ್ನು ನೇರ ಉತ್ತರ. ಸ್ವಲ್ಪ ಹೋಗುತ್ತದೆ, ಎಲ್ಲಾ ಹೋಗುವುದಿಲ್ಲ. ಹೋಗುವುದು ಯಾವುದು, ಉಳಿಯುವುದು ಯಾವುದು ಅಂತ ಗೊತ್ತಾದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಎಲ್ಲಕ್ಕಿಂತ ಮೊದಲು ಇಳಿಯುವುದು ರಕ್ತದಲ್ಲಿರುವ ದ್ರವದ ಪ್ರಮಾಣ, ಅಂದರೆ ಪ್ಲಾಸ್ಮಾ. ಟ್ರೇನಿಂಗ್ ಮಾಡಿದವರ ಮೈಯಲ್ಲಿ ಇದು ಜಾಸ್ತಿ ಇರುತ್ತದೆ. ಹಾಗಾಗಿ ಅವರ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಟ್ರೇನಿಂಗ್ ಬಿಟ್ಟ ಎರಡು ವಾರದೊಳಗೇ ಇದು ಕಡಿಮೆಯಾಗುತ್ತದೆ. ಬಿಡುವು ಮುಗಿಸಿ ಮತ್ತೆ ಓಡಲು ಹೋದ ದಿನ ಹಳೆಯ ವೇಗಕ್ಕೇ ಎದೆಬಡಿತ ಮೇಲೇರಿ ಕೂತಿರುತ್ತದಲ್ಲ, ಕಾರಣ ಇದೇ. ವಾಚ್ ನೋಡಿ ಎಲ್ಲಾ ಮುಗೀತು ಅನ್ನಿಸುತ್ತದೆ. ಆದರೆ ಇದು ಹೋದಷ್ಟೇ ಬೇಗ ವಾಪಸ್ಸೂ ಬರುತ್ತದೆ.

1984ರಲ್ಲಿ ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಚೆನ್ನಾಗಿ ಪಳಗಿದ ಏಳು ಜನ ಕ್ರೀಡಾಪಟುಗಳಿಗೆ 84 ದಿನ ಟ್ರೇನಿಂಗ್ ಬಿಡಿಸಿದ್ದರು. ಅವರ ವಿಒ2 ಮ್ಯಾಕ್ಸ್, ಅಂದರೆ ಮೈ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಪ್ರಮಾಣ, ಮೊದಲ ಮೂರು ವಾರದಲ್ಲಿ ಸುಮಾರು ಶೇ 7ರಷ್ಟು ಇಳಿಯಿತು. ಎಂಟು ವಾರ ಕಳೆಯುವ ಹೊತ್ತಿಗೆ ಈ ಇಳಿಕೆ ಸುಮಾರು ಶೇ 16ಕ್ಕೆ ಬಂದು ಅಲ್ಲಿಗೆ ನಿಂತಿತು. ಮಾಂಸಖಂಡದೊಳಗಿನ ಸಣ್ಣ ಸಣ್ಣ ರಕ್ತನಾಳಗಳ ದಟ್ಟಣೆ ಮಾತ್ರ ಹಾಗೇ ಇತ್ತು. ಅದು ವರ್ಷಗಳ ದುಡಿಮೆಯಿಂದ ಬಂದ ಆಸ್ತಿ, ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಮೂರು ತಿಂಗಳು ಸುಮ್ನೆ ಕೂತರೂ ಅವರು ಎಂದೂ ಟ್ರೇನಿಂಗ್ ಮಾಡದವರಿಗಿಂತ ಮೇಲೇ ಇದ್ದರು. ನಿಮಗೆ ನಾನು ಹೇಳುತ್ತಿರುವುದು ಬರೀ ಎರಡು ವಾರದ ಪೂರ್ತಿ ಬಿಡುವು, ಅಲ್ವಾ?

ಆ ಎರಡು ವಾರದ ಆಚೆಗೂ ಹೆದರಬೇಕಿಲ್ಲ. ರಾಬರ್ಟ್ ಹಿಕ್ಸನ್ ಅವರ 1981ರ ಪ್ರಯೋಗದಲ್ಲಿ ವಾರಕ್ಕೆ ಆರು ದಿನ ಬಿರುಸಾಗಿ ಓಡಿ, ಸೈಕಲ್ ತುಳಿದು ಫಿಟ್ ಆದವರನ್ನು ವಾರಕ್ಕೆ ನಾಲ್ಕು ದಿನಕ್ಕೆ, ಎರಡು ದಿನಕ್ಕೆ ಇಳಿಸಿದರು. ಹದಿನೈದು ವಾರ ಕಳೆದರೂ ಅವರ ವಿಒ2 ಮ್ಯಾಕ್ಸ್ ಉಳಿದುಕೊಂಡಿತ್ತು. ಷರತ್ತು ಒಂದೇ. ಮಾಡುವ ದಿನಗಳು ಕಮ್ಮಿಯಾದರೂ ಮಾಡುವಾಗಿನ ಬಿರುಸು ಕಮ್ಮಿಯಾಗಬಾರದು. ಹಾಗಂತ ವಾರಕ್ಕೆರಡು ದಿನದ ಟ್ರೇನಿಂಗ್‌ನಲ್ಲಿ ಮತ್ತೊಂದು 70.3 ಮುಗಿಸಬಹುದು ಅಂತ ಅರ್ಥವಲ್ಲ. ಐದಾರು ಗಂಟೆ ದಮ್ಮು ಹಿಡಿದು ನಿಲ್ಲುವ ತಾಕತ್ತು ಬೇರೆ ಲೆಕ್ಕ, ಅದನ್ನು ಮತ್ತೆ ಕಟ್ಟಬೇಕು. ಆದರೆ ಕಟ್ಟಲು ಬೇಕಾದ ಅಡಿಪಾಯ ಎಲ್ಲಿಗೂ ಹೋಗಿರುವುದಿಲ್ಲ.

ನಾನು ಹೆದರುವುದು ಬೇರೆ ವಿಷಯಕ್ಕೆ. ಮೂಳೆ, ಮತ್ತು ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು. ಇವೆರಡೂ ನಿಧಾನಿಗಳು. ನಿಧಾನಕ್ಕೆ ಗಟ್ಟಿಯಾಗುತ್ತವೆ, ನಿಧಾನಕ್ಕೆ ಮಾಗುತ್ತವೆ. ದಮ್ಮು ಮೂರ್ನಾಲ್ಕು ವಾರದಲ್ಲಿ ಮರಳಿ ಬರುತ್ತದೆ, ಹಿಮ್ಮಡಿಯ ಹಿಂದಿನ ನಾರು ಮಾತ್ರ ಇನ್ನೂ ತಯಾರಾಗಿರುವುದಿಲ್ಲ. ಎದೆ ಓಡು ಅನ್ನುತ್ತದೆ, ಕಾಲು ತಾಳು ಅನ್ನುತ್ತದೆ. ನಾನು ನೋಡಿದಂತೆ ಹವ್ಯಾಸಿಗಳ ಗಾಯಗಳು ಜಾಸ್ತಿ ಆಗುವುದು ರೇಸಿನ ದಿನ ಅಲ್ಲ, ಬಿಡುವಿನ ನಂತರ ಉತ್ಸಾಹದಲ್ಲಿ ವಾಪಸ್ ಬಂದಾಗ. ಅಥವಾ ಬಿಡುವೇ ತಗೊಳ್ಳದೆ ಒಂದು ರೇಸಿನಿಂದ ಇನ್ನೊಂದಕ್ಕೆ ಹಾರಿದಾಗ.

ನಮ್ಮಲ್ಲಿ ಹಾಗೆ ಹಾರುವವರೇ ಹೆಚ್ಚು. ಅದಕ್ಕೆ ನಮ್ಮ ಹವಾಮಾನವೂ ಒಂದು ಕಾರಣ. ಉತ್ತರ ಯುರೋಪಿನ ಹವ್ಯಾಸಿಗೆ ಬಿಡುವನ್ನು ಚಳಿಗಾಲವೇ ತಂದು ಕೊಡುತ್ತದೆ. ನವೆಂಬರ್‌ಗೆ ಕೆರೆಯ ನೀರು ಮೈ ಕೊರೆಯುತ್ತದೆ, ಸಂಜೆಯಾಗುವ ಮೊದಲೇ ಕತ್ತಲು. ನಮ್ಮಲ್ಲಿ ತದ್ವಿರುದ್ಧ. ಅಕ್ಟೋಬರ್, ನವೆಂಬರ್‌ನಲ್ಲಿ ಗೋವಾ. ಅದು ಮುಗಿಯುವಷ್ಟರಲ್ಲಿ ಬೆಂಗಳೂರು, ಮೈಸೂರಿನ ಹವೆ ಓಡುವುದಕ್ಕೆಂದೇ ಹೇಳಿ ಮಾಡಿಸಿದಂತೆ ಇರುತ್ತದೆ. ಕಬ್ಬನ್ ಪಾರ್ಕ್ ತುಂಬಾ ಓಟಗಾರರು. ನಂದಿ ಬೆಟ್ಟದ ರಸ್ತೆಯಲ್ಲಿ ಬೆಳಗಾಗುವ ಮೊದಲೇ ಸೈಕಲ್ ದೀಪಗಳು. ಜನವರಿಯ ಮೂರನೇ ಭಾನುವಾರ ಮುಂಬೈ, ಏಪ್ರಿಲ್ ಕೊನೆಗೆ ಬೆಂಗಳೂರಿನ 10 ಕೆ. ಮಳೆಗಾಲ ಶುರುವಾದರೆ ಮತ್ತೆ ಗೋವಾದ ತಯಾರಿ. ಇಲ್ಲಿ ಯಾವ ತಿಂಗಳೂ ನಿಮ್ಮನ್ನು ಮನೆಯಲ್ಲಿ ಕೂರಿಸುವುದಿಲ್ಲ. ನೀವೇ ಕ್ಯಾಲೆಂಡರ್ ಮೇಲೆ ಗೆರೆ ಎಳೆದು ಕೂರಬೇಕು. ವೃತ್ತಿಪರರಿಗೆ ಸಾಕು ನಿಲ್ಲಿಸು ಅನ್ನಲು ಕೋಚ್ ಇರುತ್ತಾರೆ. ನಮಗೆ ಮನೆಯವರು ಹೇಳುತ್ತಾರೆ, ನಾವು ಕೇಳುವುದಿಲ್ಲ. ಈ ಸಲ ಕೇಳಿ.

ಎರಡು ವಾರ ಅಲಾರಾಂ ಇಡಬೇಡಿ. ಕೆಲಸದ ಜೊತೆ ಇಷ್ಟು ಟ್ರೇನಿಂಗ್ ಮಾಡಿದವರು ಎಲ್ಲಿಂದಲಾದರೂ ಸಮಯ ಕದ್ದಿರಲೇಬೇಕು, ಅದು ಸಾಮಾನ್ಯವಾಗಿ ನಿದ್ದೆಯಿಂದ. ಮೊದಲು ಅದನ್ನು ತೀರಿಸಿ. ಒಂದೆರಡು ಕಿಲೋ ತೂಕ ಏರಿದರೆ ಏರಲಿ. ಈಗಲೇ ಅನ್ನ, ಮುದ್ದೆ ಬಿಟ್ಟು ತೂಕ ಇಳಿಸಲು ಹೊರಟರೆ ಮೈ ಮಾಗುವುದೇ ಇಲ್ಲ. ಒಂದು ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣದ ಅಂಶ, ವಿಟಮಿನ್ ಡಿ, ಬಿ12. ಸಸ್ಯಾಹಾರಿಗಳು ಮತ್ತು ಹೆಂಗಸರು ಇದನ್ನು ತಪ್ಪಿಸಲೇಬೇಡಿ. ಟ್ರೇನಿಂಗ್ ಹೆಚ್ಚಾದಾಗ ಮುಟ್ಟು ನಿಂತಿದ್ದರೆ ಅದು ಫಿಟ್ನೆಸ್‌ನ ಲಕ್ಷಣ ಅಲ್ಲ, ಊಟ ಸಾಲುತ್ತಿಲ್ಲ ಅನ್ನುವುದರ ಗುರುತು ಇರಬಹುದು. ಡಾಕ್ಟರ್ ಹತ್ತಿರ ಹೋಗಲೇಬೇಕು.

ಆಮೇಲಿನ ವಾರಗಳನ್ನು ಏನಕ್ಕೆ ಕೊಡಬೇಕು? ನನ್ನನ್ನು ಕೇಳಿದರೆ, ಈಜಿಗೆ.

ನಮ್ಮಲ್ಲಿ ಬಹಳ ಜನ ಈಜು ಕಲಿತದ್ದು ಊರಿನ ಬಾವಿಯಲ್ಲಿ, ಕೆರೆಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಇಲ್ಲಾಂದ್ರೆ ಲಾರಿ ಟ್ಯೂಬ್ ಹಿಡಿದುಕೊಂಡು. ನೀರಿನ ಭಯ ಬಿಡಿಸಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಗೋವಾದ ಅಲೆ ನೋಡಿ ಕಂಗಾಲಾಗದವರಲ್ಲಿ ಇಂಥವರು ತುಂಬಾ ಜನ ಇರುತ್ತಾರೆ. ಆದರೆ ಬಾವಿಯಲ್ಲಿ ತಲೆ ಎತ್ತಿಕೊಂಡೇ ಈಜಬೇಕು, ಮೇಲಿನಿಂದ ಯಾರು ಯಾವಾಗ ಧುಮುಕುತ್ತಾರೋ ನೋಡಬೇಕಲ್ಲ. ಆ ಅಭ್ಯಾಸ ಪೂಲ್‌ಗೂ ಬರುತ್ತದೆ. ತಲೆ ಮೇಲೆದ್ದರೆ ಸೊಂಟ ಇಳಿಯುತ್ತದೆ, ಕಾಲು ನೀರೊಳಗೆ ಜೋತುಬೀಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಜೋತುಬಿದ್ದ ಕಾಲನ್ನು ಆ ನೀರಿನಲ್ಲಿ ಎಳೆದುಕೊಂಡು ಹೋಗಲು ಎಷ್ಟು ತೋಳ್ಬಲ ಇದ್ದರೂ ಸಾಲದು. ಓಟದಲ್ಲಿ ದಮ್ಮು ಹೆಚ್ಚಿದರೆ ವೇಗ ಹೆಚ್ಚುತ್ತದೆ. ಈಜಿನಲ್ಲಿ ಮೈ ಮಲಗಿಸುವುದು ಬಾರದಿದ್ದರೆ ದಮ್ಮೆಲ್ಲಾ ದಂಡ.

ಹಾಗಾಗಿ ಈಗ ದೂರದ ಲೆಕ್ಕ ಬಿಟ್ಟುಬಿಡಿ. ಪೂಲ್‌ಗೆ ಹೋಗಿ 25 ಮೀಟರ್‌ಗಳ ಸಣ್ಣ ಸಣ್ಣ ತುಣುಕು ಈಜಿ. ಕಣ್ಣು ತಳದ ಗೆರೆಯ ಮೇಲೆ, ಕತ್ತು ಸಡಿಲ. ಉಸಿರಿಗೆ ತಲೆ ಎತ್ತಬೇಡಿ, ಮೈಯನ್ನೇ ಪಕ್ಕಕ್ಕೆ ಹೊರಳಿಸಿ. ಒಂದು ಕಣ್ಣು ನೀರೊಳಗೇ ಇರಲಿ. ಮುಖ ನೀರೊಳಗಿದ್ದಷ್ಟು ಹೊತ್ತೂ ಗುಳುಗುಳು ಅಂತ ಉಸಿರು ಬಿಡುತ್ತಲೇ ಇರಿ. ಉಸಿರು ಕಟ್ಟಿಹಿಡಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ನೀರಲ್ಲಿ ಗಾಬರಿ ಹುಟ್ಟಿಸುವುದು ಬಹಳ ಸಲ ಅದೇ. ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಕೈ ಬೀಸಿದಿರಿ ಅಂತ ಎಣಿಸಿ. ಅದೇ ಹೊತ್ತಿನಲ್ಲಿ ಎರಡು ಮೂರು ಕೈ ಕಡಿಮೆಯಾದರೂ ದೊಡ್ಡ ಲಾಭ. ಗೆಳೆಯರೊಬ್ಬರನ್ನು ದಂಡೆಯಲ್ಲಿ ನಿಲ್ಲಿಸಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿಸಿ. ನಾವು ಅಂದುಕೊಂಡಂತೆ ನಮ್ಮ ಕೈ ಹೋಗುತ್ತಿಲ್ಲ ಅಂತ ಗೊತ್ತಾಗುವುದು ಆಗಲೇ.

ಇದನ್ನು ಈಗಲೇ ಯಾಕೆ ಮಾಡಬೇಕು ಅಂದರೆ, ಸ್ಟ್ರೋಕ್, ಅಂದರೆ ಈಜಿನಲ್ಲಿ ಕೈ ಬೀಸುವ ರೀತಿ, ಬದಲಿಸಿದಾಗ ಕೆಲವು ವಾರ ವೇಗ ಇಳಿಯುತ್ತದೆ. ರೇಸಿನ ಮುಂಚೆ ಅದನ್ನು ಸಹಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಈಗ ನಿಧಾನವಾದರೆ ಯಾರೂ ಕೇಳುವುದಿಲ್ಲ. ಸಮುದ್ರದಲ್ಲಿ ದಾರಿ ನೋಡಲು ತಲೆ ಎತ್ತಲೇಬೇಕಲ್ಲ ಅನ್ನಬಹುದು. ಹೌದು, ಆದರೆ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆ ಬರಬೇಕು, ಮರುಕ್ಷಣ ಮುಖ ನೀರೊಳಗೆ. ಅದು ಬೇರೆ ಕಲಿಕೆ, ಬೇಸಿಗೆಯಲ್ಲಿ ನೋಡಿಕೊಂಡರೆ ಸಾಕು.

ಈಜಿನ ಜೊತೆಗೆ ವಾರಕ್ಕೆರಡು ದಿನ ಭಾರ ಎತ್ತಿ. ಜಿಮ್ ಹತ್ತಿರ ಇಲ್ಲದಿದ್ದರೆ ನಮ್ಮ ಗರಡಿ ಮನೆಯ ಬಸ್ಕಿ, ದಂಡದಿಂದಲೇ ಶುರು ಮಾಡಿ, ಆಮೇಲೆ ಕೈಯಲ್ಲಿ ತೂಕ ಹಿಡಿಯಿರಿ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಎರಡೂ ಹಿಮ್ಮಡಿ ಮೇಲೆತ್ತಿ, ಒಂದೇ ಕಾಲಿನ ಮೇಲೆ ನಿಧಾನಕ್ಕೆ ಇಳಿಸುವುದು ಮೀನಖಂಡಕ್ಕೂ ಅದರ ನಾರಿಗೂ ಒಳ್ಳೆಯದು. ನಲವತ್ತು ದಾಟಿದವರಿಗೆ ಇದು ಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. ವಯಸ್ಸಿನ ಜೊತೆ ಮಾಂಸಖಂಡ ಕರಗುತ್ತದೆ, ಬರೀ ಓಡಿದರೆ ಅದು ನಿಲ್ಲುವುದಿಲ್ಲ.

ಸೈಕಲ್ ವಿಷಯದಲ್ಲಿ ಒಂದೇ ಕೆಲಸ, ಆದರೆ ಈ ವಾರವೇ ಆಗಬೇಕು. ಕಡಲಿಂದ ಎದ್ದು ಒದ್ದೆ ಮೈಯಲ್ಲೇ ಹತ್ತಿದ್ದೀರಿ. ಆ ಉಪ್ಪುನೀರು, ಮೇಲೆ ಗಂಟೆಗಟ್ಟಲೆ ಸುರಿದ ಬೆವರು, ಎಲ್ಲಾ ಹ್ಯಾಂಡಲ್ ಮೇಲೇ ಬಿದ್ದಿರುತ್ತದೆ. ಮೇಲೆ ಒರೆಸಿದರೆ ಸಾಲದು. ಹ್ಯಾಂಡಲ್‌ಗೆ ಸುತ್ತಿದ ಟೇಪ್ ಬಿಚ್ಚಿಸಿ ನೋಡಿ. ಅಲ್ಯೂಮಿನಿಯಂ ಆದರೆ ಕೆಲವೊಮ್ಮೆ ಅಡಿಯಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಲೋಹದಲ್ಲಿ ಚಿಕ್ಕಚಿಕ್ಕ ಗುಳಿ ಬಿದ್ದಿರುತ್ತವೆ. ಅಂಥ ಹ್ಯಾಂಡಲ್ ಇಳಿಜಾರಿನಲ್ಲಿ ಮುರಿದರೆ ಪ್ರಾಣಕ್ಕೇ ಕುತ್ತು. ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಪೆಡಲ್ ನಡುವಿನ ಬೇರಿಂಗ್ ಎರಡನ್ನೂ ಬಿಚ್ಚಿ ಗ್ರೀಸ್ ಹಾಕಿಸಿ.

ಇನ್ನೊಂದು ಮಾತು ಟ್ರೇನಿಂಗ್ ಬಗ್ಗೆ ಅಲ್ಲ, ಆಟದ ಬಗ್ಗೆ. ನಿಮ್ಮ 70.3ರ ದುಪ್ಪಟ್ಟು ದೂರದ ಐರನ್‌ಮ್ಯಾನ್ ಟ್ರೈಅಥ್ಲಾನ್ ಶುರುವಾದದ್ದು 1978ರ ಫೆಬ್ರವರಿಯಲ್ಲಿ, ಹವಾಯಿಯ ಓಹು ದ್ವೀಪದಲ್ಲಿ. ಹೊರಟವರು 15 ಜನ, ಮುಗಿಸಿದವರು 12. ಈಜುಗಾರ ಗಟ್ಟಿಯೋ, ಓಟಗಾರ ಗಟ್ಟಿಯೋ, ಸೈಕ್ಲಿಸ್ಟ್ ಗಟ್ಟಿಯೋ ಅನ್ನುವ ವಾದದಿಂದ ಹುಟ್ಟಿದ ಸ್ಪರ್ಧೆ ಅದು. ಮೊದಲು ಬಂದ ಗಾರ್ಡನ್ ಹಾಲರ್‌ಗೆ ಹನ್ನೊಂದೂಮುಕ್ಕಾಲು ಗಂಟೆ ಹಿಡಿಯಿತು. ಪೆಡಲ್ ತುಳಿಯುವ ಬಲ ಅಳೆಯುವ ಪವರ್ ಮೀಟರ್ ಇಲ್ಲ, ಆ್ಯಪ್ ಇಲ್ಲ. ಈ ಆಟವನ್ನು ಹುಟ್ಟುಹಾಕಿದವರೇ ಹವ್ಯಾಸಿಗಳು. ಇದು ನನಗೆ ಬಹಳ ಮುಖ್ಯ. ಆಟದಿಂದ ನಮಗೆ ಸಂಬಳ ಬರುವುದಿಲ್ಲ, ನಮ್ಮ ಸಮಯ ಎಷ್ಟಾಯಿತು ಅಂತ ಆಫೀಸಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಇಷ್ಟ ಅನ್ನುವುದು ಬಿಟ್ಟರೆ ಮಾಡುವುದಕ್ಕೆ ಬೇರೆ ಕಾರಣವೇ ಇಲ್ಲ. ಆ ಇಷ್ಟ ಬತ್ತಿದರೆ ಯಾವ ವಿಒ2 ಮ್ಯಾಕ್ಸ್ ಇದ್ದೂ ಉಪಯೋಗವಿಲ್ಲ. ಅದಕ್ಕೇ ಈ ವಾರಗಳಲ್ಲಿ ವಾಚ್ ಬಿಚ್ಚಿಟ್ಟು ಮಕ್ಕಳ ಜೊತೆ ಶಟಲ್ ಆಡಿ. ಕುಮಾರ ಪರ್ವತವನ್ನೋ ಕೊಡಚಾದ್ರಿಯನ್ನೋ ಹತ್ತಿ. ಎಲ್ಲೂ ದಾಖಲಾಗದ ಒಂದು ಓಟ ಓಡಿ.

ಕೊನೆಗೆ ಮುಂಬೈ. ನವೆಂಬರ್ ಎರಡನೇ ವಾರದಿಂದ ಲೆಕ್ಕ ಹಾಕಿದರೆ ಹತ್ತು ವಾರ ಸಿಗುತ್ತದೆ. ಎರಡು ವಾರ ಬಿಡುವು, ಎರಡು ವಾರ ಹಗುರ ಓಟ, ರೇಸಿನ ಮುಂಚೆ ಎರಡು ವಾರ ಟ್ರೇನಿಂಗ್ ಇಳಿಕೆ. ಉಳಿಯುವುದು ನಾಲ್ಕೇ ವಾರ. ಪೂರ್ತಿ ಮ್ಯಾರಥಾನ್‌ಗೆ ಅದು ಸಾಲದು. ಹೆಸರು ಕೊಟ್ಟಿದ್ದರೂ ಬಿಡಿ ಅನ್ನುತ್ತೇನೆ. ದುಡ್ಡು ಹೋಯಿತು ಅನ್ನುವ ಬೇಜಾರಿಗೆ ಕಾಲನ್ನು ಪಣಕ್ಕಿಡಬೇಡಿ. ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದರೆ ಹೋಗಿ, ಸಮಯದ ಗುರಿ ಇಲ್ಲದೆ ಪಕ್ಕದವರ ಜೊತೆ ಮಾತಾಡುತ್ತಾ ಓಡಿ. ಆದರೆ ಡಿಸೆಂಬರ್ ಕೊನೆಗೂ ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುತ್ತಿದ್ದರೆ, ಅಥವಾ ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಜಾಗ ಬೆರಳಿಟ್ಟರೆ ನೋಯುತ್ತಿದ್ದರೆ, ಹಾಫ್ ಕೂಡ ಬೇಡ. ಅದನ್ನು ಮೊದಲು ಡಾಕ್ಟರ್‌ಗೆ ತೋರಿಸಿ.