ನೆಟ್‌ವರ್ಕ್ ಟಿಪ್ಪಣಿ: ಎರಡು ಮನೆಯಲ್ಲಿ ಒಂದೇ ಐಪಿ ಹೇಗೆ?

ಸರ್ವರ್, ಬ್ರೌಸರ್, ಡೌನ್‌ಲೋಡ್ ಇವೆಲ್ಲ ನಿಮಗೂ ಗೊತ್ತಿರುವಂಥವೇ, ಬಿಡುತ್ತೇನೆ. ನಾನು ಮೂರು ದಿನ ಸಿಕ್ಕಿಹಾಕಿಕೊಂಡದ್ದು ಐಪಿ ವಿಳಾಸದಲ್ಲಿ, ಅಂದರೆ ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯಲ್ಲಿ. ಒಂದೊಂದು ಸಾಧನಕ್ಕೂ ಬೇರೆಬೇರೆ ಐಪಿ ಎಂದು ಓದಿಕೊಂಡಿದ್ದೆ. ತೀರ್ಥಹಳ್ಳಿಯ ನಮ್ಮ ಮನೆಯ ವೈಫೈನಲ್ಲಿ ನನ್ನ ಫೋನಿನ ಐಪಿ 192.168.1.4. ಸಾಗರದ ಅತ್ತೆ ಮನೆಗೆ ಹೋದಾಗ ನೋಡಿದರೆ ಅವರ ಫೋನಿನಲ್ಲೂ 192.168.1.4! ಹಾಗಾದರೆ ಅತ್ತೆ ಕೇಳಿದ ವಿಡಿಯೊ ನನ್ನ ಫೋನಿಗೆ ಯಾಕೆ ಬರುವುದಿಲ್ಲ?

ಗಂಟು ಬಿಡಿಸಿದ್ದು ನಮ್ಮ ಕಡೆಯ ಮನೆ ಹೆಸರು. ಮಲೆನಾಡಿನಲ್ಲಿ ಎಷ್ಟು ಊರಲ್ಲಿ 'ಕೆಳಗಿನಮನೆ' ಇಲ್ಲ ಹೇಳಿ! ಊರೊಳಗೆ 'ಕೆಳಗಿನಮನೆಗೆ ಕೊಟ್ಟು ಬಾ' ಅಂದರೆ ಸಾಕು. ಅದೇ ಬೆಂಗಳೂರಿನಿಂದ ಬರೀ 'ಕೆಳಗಿನಮನೆ' ಎಂದು ಬರೆದು ಕಾಗದ ಹಾಕಿದರೆ ಎಲ್ಲಿಗೂ ಮುಟ್ಟುವುದಿಲ್ಲ. 192.168ರಿಂದ ಶುರುವಾಗುವ ವಿಳಾಸ ಅಂಥದ್ದು: ಖಾಸಗಿ ಐಪಿ. 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು ಕೂಡ ಹಾಗೆಯೇ. ಹೊರಗಿನ ಇಂಟರ್ನೆಟ್ಟಿನಲ್ಲಿ ಇವಕ್ಕೆ ದಾರಿಯಿಲ್ಲ. ಅಲ್ಲಿ ಕಾಣುವುದು ಸಾರ್ವಜನಿಕ ಐಪಿ. ಐಪಿವಿ4 (ಮೇಲಿನಂಥ ನಾಲ್ಕು ಸಂಖ್ಯೆಯ ಐಪಿ) ವಿಳಾಸ 32 ಬಿಟ್‌ನದು, ಒಟ್ಟು ಸುಮಾರು 429 ಕೋಟಿ ಅಷ್ಟೇ; ಎಲ್ಲರಿಗೂ ಸಾಲದು, ಅದಕ್ಕೇ ಈ ಹಂಚಿಕೆ. (ಹೊಸ ಬಗೆಯ ಐಪಿವಿ6 128 ಬಿಟ್‌ನದು, ಅಲ್ಲಿ ಈ ಬರ ಇಲ್ಲ.)

ಇಷ್ಟಾದರೂ ನನಗೆ ಒಂದು ಉಳಿದಿತ್ತು. ನಮ್ಮ ಮನೆಯಲ್ಲೇ ನನ್ನ ಫೋನು, ತಮ್ಮನ ಫೋನು ಎರಡೂ ಇವೆ, ಹೊರಗೆ ಕಾಣುವ ಐಪಿ ಒಂದೇ. ಬಂದ ಉತ್ತರ ಯಾರದು ಎಂದು ರೂಟರಿಗೆ (ಮನೆಯ ವೈಫೈ ಪೆಟ್ಟಿಗೆಗೆ) ಹೇಗೆ ತಿಳಿಯುತ್ತದೆ? ಇಲ್ಲಿ ಮನೆ ಹೆಸರಿನ ಹೋಲಿಕೆ ಸಾಲದು, ಪೋರ್ಟ್ ಬೇಕು, ಅಂದರೆ ಒಂದೇ ಐಪಿಯಲ್ಲಿ ಯಾವ ಸಂಪರ್ಕ ಎಂದು ಗುರುತಿಸುವ ಸಂಖ್ಯೆ. ರೂಟರ್ ಹೀಗೆ ವಿಳಾಸ ಬದಲಿಸುವ ಕೆಲಸಕ್ಕೆ ನ್ಯಾಟ್ (ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್) ಎಂದು ಹೆಸರು. ನಿಧಾನವಾಗಿ ಓದಿ:

ನನ್ನ ಫೋನು 192.168.1.4, ಪೋರ್ಟ್ 51514ರಿಂದ ಒಂದು ಪ್ಯಾಕೆಟ್ (ಮಾಹಿತಿಯ ಸಣ್ಣ ತುಂಡು) ಕಳಿಸುತ್ತದೆ. ರೂಟರ್ ಅದರ 'ಇಂದ' ವಿಳಾಸ ಅಳಿಸಿ ತನ್ನ ಸಾರ್ವಜನಿಕ ಐಪಿ ಹಾಕುತ್ತದೆ, 203.0.113.25, ಪೋರ್ಟ್ 40001 ಎಂದಿಟ್ಟುಕೊಳ್ಳಿ. ಜೊತೆಗೇ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ: 40001 ಅಂದರೆ 192.168.1.4ರ 51514. ತಮ್ಮನ ಪ್ಯಾಕೆಟ್ಟಿಗೆ 40002 ಕೊಡುತ್ತದೆ. ಸರ್ವರ್‌ಗೆ ನಮ್ಮ ಖಾಸಗಿ ಐಪಿ ಗೊತ್ತೇ ಆಗುವುದಿಲ್ಲ, ಅದು 203.0.113.25ರ 40001ಕ್ಕೇ ಉತ್ತರ ಕೊಡುತ್ತದೆ. ರೂಟರ್ ಪಟ್ಟಿ ನೋಡಿ, 'ಗೆ' ವಿಳಾಸ ತಿದ್ದಿ ನನ್ನ ಫೋನಿಗೆ ದಾಟಿಸುತ್ತದೆ. ಹೋಗುವಾಗ 'ಇಂದ' ಬದಲು, ಬರುವಾಗ 'ಗೆ' ಬದಲು. ನಾನು ಎರಡು ಸಲವೂ ಒಂದೇ ವಿಳಾಸ ಬದಲಾಗುತ್ತದೆ ಎಂದುಕೊಂಡದ್ದೇ ತಪ್ಪಾಗಿತ್ತು. ಒಮ್ಮೆ ಕಾಗದದ ಮೇಲೆ ಬರೆದು ನೋಡಿ.

ಡಿಎನ್‌ಎಸ್ ಸುಲಭ: ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಹೇಳುತ್ತದೆ, 1983ರಿಂದ ಇದೆ.

ಮಳೆಗಾಲಕ್ಕೆ ನನ್ನ ಅಚ್ಚುಮೆಚ್ಚಿನ ಉಪಾಯ ಒಂದಿದೆ. ವೈಫೈ ಗೆರೆ ಪೂರ್ತಿ ಇದ್ದರೂ ನೆಟ್ ಬರುವುದಿಲ್ಲ ಅನ್ನುತ್ತೇವಲ್ಲ, ಆ ಗೆರೆ ರೂಟರ್‌ವರೆಗಿನ ಸಿಗ್ನಲ್ ಮಾತ್ರ. ಕಂಪ್ಯೂಟರಿನಲ್ಲಿ ಮೊದಲು ರೂಟರನ್ನು ಪಿಂಗ್ ಮಾಡಿ, ಅಂದರೆ ping ಆದೇಶದಿಂದ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ನೋಡಿ. ನಮ್ಮಲ್ಲಿ ಅದು 192.168.1.1. ಉತ್ತರ ಬಂದರೆ ಮನೆಯೊಳಗೆ ಸರಿಯಿದೆ. ಆಮೇಲೆ ಗೂಗಲ್‌ನ ಸರ್ವರ್ 8.8.8.8 ಅನ್ನು ಪಿಂಗ್ ಮಾಡಿ. ಅದು ಬರದಿದ್ದರೆ ತೊಂದರೆ ಹೆಚ್ಚಾಗಿ ರೂಟರಿನಿಂದ ಆಚೆ. ಹೋದ ಆಷಾಢದಲ್ಲಿ ಹೀಗೇ ನೋಡಿ ಹೊರಗೆ ಹೋದರೆ, ತೋಟದಂಚಿನಲ್ಲಿ ಹಲಸಿನ ಕೊಂಬೆ ಫೈಬರ್ ಮೇಲೆ ಬಿದ್ದಿತ್ತು. 8.8.8.8 ಬಂದೂ ಹೆಸರು ಹಾಕಿದರೆ ಸೈಟ್ ತೆರೆಯದಿದ್ದರೆ ಮೊದಲು ಡಿಎನ್‌ಎಸ್ ಸೆಟ್ಟಿಂಗ್ ನೋಡಿ.