ಆಮ್‌ಸ್ಟರ್‌ಡ್ಯಾಮಿನ ಶಿಶುವಿಹಾರದಿಂದ ಮಕ್ಕಳು ಪಾರಾದದ್ದು ಹೇಗೆ?

ಯಹೂದಿ ಮಕ್ಕಳನ್ನು ನಾಜಿಗಳಿಂದ ಉಳಿಸಿದವರ ಬಗ್ಗೆ ಬರೆಯಲು ಹೇಳಿದರೆ ನಾವೆಲ್ಲ ಧೈರ್ಯ, ಮಾನವೀಯತೆ ಎಂದು ಅರ್ಧ ಪುಟ ತುಂಬಿಸುತ್ತೇವೆ. ಕೆಲಸ ನಡೆದ ಬಗೆ ಮಾತ್ರ ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಈ ಒಂದು ಪ್ರಸಂಗ ತೆಗೆದುಕೊಂಡಿದ್ದೇನೆ.

ಮೊದಲು ಜಾಗ ಕಣ್ಣಮುಂದೆ ಬರಲಿ. ಜರ್ಮನರು ಆಕ್ರಮಿಸಿಕೊಂಡಿದ್ದ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಟ್ರಾಮ್ ರಸ್ತೆ. ಒಂದು ಬದಿಗೆ ದೊಡ್ಡ ರಂಗಮಂದಿರ. 1942ರ ಬೇಸಿಗೆಯಿಂದ ಯಹೂದಿಗಳನ್ನು ಹಿಡಿದು ತಂದು ಕೂಡಿಹಾಕುತ್ತಿದ್ದದ್ದು ಇಲ್ಲೇ. ಇಲ್ಲಿಂದ ವೆಸ್ಟರ್‌ಬೋರ್ಕ್ ಶಿಬಿರ, ಅಲ್ಲಿಂದ ರೈಲಿನಲ್ಲಿ ಆಶ್‌ವಿಟ್ಜ್ ಇಲ್ಲವೇ ಸೋಬಿಬೋರ್ ಎಂಬ ಸಾವಿನ ಶಿಬಿರಗಳಿಗೆ. ಚಿಕ್ಕ ಮಕ್ಕಳನ್ನು ಮಾತ್ರ ಹೆತ್ತವರಿಂದ ಬೇರ್ಪಡಿಸಿ ಎದುರಿನ ಶಿಶುವಿಹಾರದಲ್ಲಿ ಇಡುತ್ತಿದ್ದರು. ಅದರ ಪಕ್ಕದಲ್ಲಿ ಶಿಕ್ಷಕರ ತರಬೇತಿ ಕಾಲೇಜು. ಎರಡರ ಹಿತ್ತಲಿಗೂ ನಡುವೆ ಇದ್ದದ್ದು ಬರೀ ಒಂದು ಗಿಡಬೇಲಿ.

ಬೇಲಿ ದಾಟಿಸುವುದಕ್ಕಿಂತ ಕಷ್ಟದ ಕೆಲಸ ಕಾಗದದ್ದು. ಪ್ರತಿ ಮಗುವಿಗೂ ಒಂದು ಕಾರ್ಡ್ ಇತ್ತು. ಲೆಕ್ಕದಲ್ಲಿ ಇದ್ದ ಮಗು ಕಾಣೆಯಾದರೆ ಎಲ್ಲರೂ ಸಿಕ್ಕಿಬೀಳುತ್ತಿದ್ದರು. ರಂಗಮಂದಿರದ ಒಳಾಡಳಿತ, ಜರ್ಮನರೇ ರಚಿಸಿದ್ದ ಯಹೂದಿ ಮಂಡಳಿಯ ಪರವಾಗಿ, ವಾಲ್ಟರ್ ಸುಸ್ಕಿಂಡ್ ಕೈಯಲ್ಲಿತ್ತು. ಜರ್ಮನಿಯಿಂದ ವಲಸೆ ಬಂದಿದ್ದ ಈತನೂ ಯಹೂದಿ. ಈತ ಮತ್ತು ಸಹೋದ್ಯೋಗಿ ಫೆಲಿಕ್ಸ್ ಹಾಲ್ವರ್‌ಸ್ಟಾಡ್ ಸೇರಿ ಕಾರ್ಡುಗಳನ್ನೇ ಮಾಯ ಮಾಡುತ್ತಿದ್ದರು. ಹೆಸರು ಅಳಿದ ಮೇಲೆ ಮಗುವನ್ನು ಸಾಗಿಸುವುದು.

ಆದರೆ ಅದಕ್ಕೂ ಮೊದಲು ಹೆತ್ತವರ ಒಪ್ಪಿಗೆ ಬೇಕು. ಪಾಠಗಳಲ್ಲಿ ಈ ಭಾಗವೇ ಬಿಟ್ಟುಹೋಗುತ್ತದೆ. ಗುರುತು ಪರಿಚಯವಿಲ್ಲದವರ ಕೈಗೆ ಮಗುವನ್ನು ಕೊಡಿ, ಎಲ್ಲಿಗೆ ಒಯ್ಯುತ್ತೇವೆಂದು ಹೇಳಲಾರೆವು ಎಂದರೆ ಯಾವ ತಾಯಿ ಒಪ್ಪಿಯಾಳು? ಎಷ್ಟೋ ಜನ ಒಪ್ಪಲಿಲ್ಲ. ಅವರದ್ದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ರೈಲುದಾರಿಯ ಕೊನೆಯಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಒಪ್ಪಿದವರ ಮಕ್ಕಳು ಚೀಲದಲ್ಲಿ, ಬಟ್ಟೆಬುಟ್ಟಿಯಲ್ಲಿ ಹೊರಬಿದ್ದರು. ಎದುರುಗಡೆ ಕಾವಲುಗಾರ ನಿಂತಿರುತ್ತಿದ್ದ. ಟ್ರಾಮ್ ಬಂದು ನಡುವೆ ನಿಂತಾಗ ಅವನಿಗೆ ಶಿಶುವಿಹಾರದ ಬಾಗಿಲು ಕಾಣುತ್ತಿರಲಿಲ್ಲ. ಆ ಕ್ಷಣದಲ್ಲೇ ದಾದಿಯೊಬ್ಬಳು ಮಗುವಿನೊಡನೆ ಹೊರಟುಬಿಡುತ್ತಿದ್ದಳು. ಇನ್ನೊಂದು ದಾರಿ ಹಿತ್ತಲಿನದು: ಬೇಲಿಯಾಚೆ ಕಾಲೇಜಿನ ಮುಖ್ಯಸ್ಥ ಯೋಹಾನ್ ವಾನ್ ಹುಲ್ಸ್ಟ್ ಮಗುವನ್ನು ಎತ್ತಿಕೊಂಡು ಒಳಗಿಡುತ್ತಿದ್ದರು. ಮುಂದಿನದು ನಾಜಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಗುಂಪುಗಳ ವಿದ್ಯಾರ್ಥಿಗಳ ಪಾಲು. ಅವರು ಮಕ್ಕಳನ್ನು ಫ್ರೀಸ್‌ಲ್ಯಾಂಡ್, ಲಿಂಬುರ್ಗ್ ಪ್ರಾಂತ್ಯಗಳ ಕಡೆಯ ಮನೆಗಳಿಗೆ ಮುಟ್ಟಿಸುತ್ತಿದ್ದರು. ಹೀಗೆ ಉಳಿದವರು ಸುಮಾರು 600 ಮಕ್ಕಳು.

ಉತ್ತರ ಬರೆಯುವಾಗ ಎಲ್ಲ ಶ್ರೇಯಸ್ಸನ್ನೂ ಬೇಲಿಯಾಚೆಯವರಿಗೇ ಕೊಡಬೇಡಿ. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಕೂಡ ಯಹೂದಿ. 1943ರ ಜುಲೈನಲ್ಲಿ ಆಕೆಯನ್ನು ಗಡೀಪಾರು ಮಾಡಿ, ಸೆಪ್ಟೆಂಬರ್‌ನಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು. ಸುಸ್ಕಿಂಡ್ ಕುಟುಂಬವೂ ಉಳಿಯಲಿಲ್ಲ. 1943ರ ಸೆಪ್ಟೆಂಬರ್ ಕೊನೆಗೆ ಶಿಶುವಿಹಾರವನ್ನು ಖಾಲಿ ಮಾಡಿಸುವ ಹೊತ್ತಿಗೆ ವಾನ್ ಹುಲ್ಸ್ಟ್ ಕರೆದುಕೊಂಡು ಹೋಗಲು ಆದದ್ದು 12 ಮಕ್ಕಳನ್ನು ಮಾತ್ರ. ಯಾರನ್ನು ಆರಿಸಬೇಕು ಎನ್ನುವ ಆ ಘಳಿಗೆ, 2018ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಇನ್ನೊಂದು ತೊಡಕು ಎದ್ದಿತು: ತಬ್ಬಲಿಯಾದ ಮಕ್ಕಳು ಸಾಕಿದ ಕ್ರೈಸ್ತ ಮನೆಯವರಿಗೆ ಸೇರಬೇಕೋ, ಉಳಿದ ಯಹೂದಿ ಬಂಧುಗಳಿಗೋ? ಇದನ್ನು ತೀರ್ಮಾನಿಸಲು ಡಚ್ ಸರ್ಕಾರ ಆಯೋಗವನ್ನೇ ನೇಮಿಸಬೇಕಾಯಿತು, ಜಗಳ ವರ್ಷಗಟ್ಟಲೆ ನಡೆಯಿತು.