ಆಯಲೋ, ಪೋಣಿಸಲೋ: 'ದಳಪತಿ'ಯ ಗೆಳೆತನದ ಹಿಂದಿನ ಕಥೆ

'ದಳಪತಿ' ಚಿತ್ರದ ಕೊನೆಯ ಹೊತ್ತಿಗೆ ಒಂದು ಮಾತುಕತೆ ಬರುತ್ತದೆ. ಊರಿನ ದಾದಾ ದೇವರಾಜನಿಗೆ ಆಗಷ್ಟೇ ಒಂದು ಗುಟ್ಟು ಗೊತ್ತಾಗಿದೆ. ತನ್ನ ಬಲಗೈಯಂತಿರುವ ಸೂರ್ಯ, ತನ್ನನ್ನು ಮಟ್ಟ ಹಾಕಲು ನಿಂತಿರುವ ಕಲೆಕ್ಟರ್ ಅರ್ಜುನನ ಅಣ್ಣ. ಇದು ಸೂರ್ಯನಿಗೆ ಮೊದಲೇ ಗೊತ್ತಿತ್ತು. ಮತ್ತೆ ನನ್ನ ಜೊತೆಗೇ ಯಾಕೆ ಉಳಿದೆ ಎಂದು ದೇವ ಕೇಳುತ್ತಾನೆ. ನೀನು ನನ್ನ ಗೆಳೆಯ, ಅದಕ್ಕೆ. ಉತ್ತರ ಅಷ್ಟೇ.

ಮಣಿರತ್ನಂ ಅವರ ಈ ತಮಿಳು ಚಿತ್ರ ತೆರೆಗೆ ಬಂದಿದ್ದು 1991ರ ನವೆಂಬರ್ 5ರಂದು, ದೀಪಾವಳಿಗೆ. ಸೂರ್ಯನಾಗಿ ರಜನಿಕಾಂತ್, ದೇವನಾಗಿ ಮಮ್ಮೂಟಿ. ಕಲೆಕ್ಟರ್ ಪಾತ್ರದಲ್ಲಿ ಅರವಿಂದ ಸ್ವಾಮಿ, ಅವರಿಗೆ ಅದು ಮೊದಲ ಚಿತ್ರ. ಕರ್ಣನ ಕಥೆಯನ್ನು ಈ ಕಾಲಕ್ಕೆ ತಂದ ಸಿನಿಮಾ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಮದುವೆಗೆ ಮುಂಚೆ ಹಡೆದ ಹುಡುಗಿ ಮಗುವನ್ನು ಗೂಡ್ಸ್ ರೈಲಿನಲ್ಲಿ ಬಿಟ್ಟು ಬರುತ್ತಾಳೆ. ಹೊಳೆಯಲ್ಲಿ ತೇಲಿ ಹೋದ ಪೆಟ್ಟಿಗೆಯ ಜಾಗದಲ್ಲಿ ರೈಲಿನ ಡಬ್ಬಿ. ದುರ್ಯೋಧನನೇ ದೇವ, ಕುಂತಿಯೇ ಕಲ್ಯಾಣಿ. ಅರ್ಜುನನ ಹೆಸರನ್ನಂತೂ ಬದಲಿಸಲೇ ಇಲ್ಲ. ಆದರೆ ಸೂರ್ಯ ಕೊಟ್ಟ ಆ ಉತ್ತರ ಇದೆಯಲ್ಲ, ಅದು ಕರ್ಣನ ಬಾಯಿಗೆ ಬರಲು ತುಂಬಾ ಕಾಲ ಹಿಡಿದಿದೆ.

ವ್ಯಾಸರ ಭಾರತದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿ, ಪಾಂಡವರ ಕಡೆ ಬಾ ಎಂದು ಕರೆಯುತ್ತಾನೆ. ಕರ್ಣ ಒಪ್ಪುವುದಿಲ್ಲ. ಅಲ್ಲಿ ಅವನು ಕೊಡುವ ಕಾರಣಗಳು ಹಲವು. ಸಾಕಿದ ತಂದೆತಾಯಿಯನ್ನು ಬಿಡಲಾರೆ ಎನ್ನುತ್ತಾನೆ. ದುರ್ಯೋಧನನ ಆಸರೆಯಲ್ಲಿ ಹದಿಮೂರು ವರ್ಷ ರಾಜ್ಯ ಅನುಭವಿಸಿದ್ದೇನೆ ಎನ್ನುತ್ತಾನೆ. ಇದು ಉಪ್ಪಿನ ಋಣದ ಮಾತು. ಸ್ನೇಹ ಇಲ್ಲ ಅಂತಲ್ಲ, ಆದರೆ ಋಣದ ತೂಕ ಜಾಸ್ತಿ.

ಅದೇ ಸಂದರ್ಭವನ್ನು ನಮ್ಮ ಪಂಪ 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ'ದಲ್ಲಿ ಬರೆದ. ಕೃಷ್ಣ ಬಂದು ಕರೆದಾಗ ಅವನ ಕರ್ಣ ರಾಜ್ಯದ ಲೆಕ್ಕ ಕೊಡದೆ ಒಂದು ನೆತ್ತದ, ಅಂದರೆ ಪಗಡೆಯ, ಆಟವನ್ನು ನೆನೆಯುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿ ಸೋತಳು. ಪಣ ಕೊಡು ಎಂದು ಕಾಡುವಾಗ ಅವಳ ಹಾರ ಹರಿಯಿತು, ಮುತ್ತುಗಳು ಚೆಲ್ಲಿದವು. ಆಗ ದೊರೆ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಕೇಳಿದ್ದು: 'ಇವನಾಯ್ವುದೊ?' ಇವನ್ನು ಆಯ್ದು ಕೊಡಲೇ? ಇಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಕೀಳು ಮನುಷ್ಯನಾಗುವುದಿಲ್ಲವೇ ಎಂಬುದು ಕರ್ಣನ ಪ್ರಶ್ನೆ.

ಈ ಪದ್ಯದಲ್ಲಿ ಭಾನುಮತಿಯ ಜೊತೆ ಆಡುತ್ತಿದ್ದವನು ಕರ್ಣನೋ ದುರ್ಯೋಧನನೋ ಎಂದು ಕನ್ನಡದ ವಿದ್ವಾಂಸರು ಸಾಕಷ್ಟು ಜಗಳ ಆಡಿದ್ದಾರೆ. ಆಡಿದವನು ಕರ್ಣನೇ ಅಂದುಕೊಂಡರೆ ಮಾತ್ರ ಆ ಪ್ರಶ್ನೆಗೆ ಅಷ್ಟು ಬೆಲೆ ಬರುತ್ತದೆ ಅನ್ನುವುದು ನನ್ನ ಅನಿಸಿಕೆ. ಹೆಂಡತಿಯ ಹಾರ ಗೆಳೆಯನ ಕೈಯಲ್ಲಿ ಹರಿದಾಗಲೂ ಗಂಡನಿಗೆ ಅನುಮಾನ ಬಾರದಿದ್ದರೆ ಅದು ದೊಡ್ಡ ನಂಬಿಕೆ, ಅಲ್ವಾ?

ವ್ಯಾಸರಲ್ಲಿ ಈ ಮುತ್ತಿನ ಪ್ರಸಂಗವೇ ಇಲ್ಲ. ಆದರೆ ತಮಿಳಿನಲ್ಲಿದೆ. ಪಂಪನಾದ ನಾಲ್ಕೈದು ಶತಮಾನದ ನಂತರ ವಿಲ್ಲಿಪುತ್ತೂರಾರ್ ತಮಿಳಿಗೆ ತಂದ ಭಾರತದಲ್ಲಿ ಕರ್ಣ ಇದನ್ನು ಕುಂತಿಯ ಮುಂದೆ ಹೇಳುತ್ತಾನೆ. ಅಲ್ಲಿ ಹರಿಯುವುದು ಕೊರಳಿನ ಹಾರವಲ್ಲ, ಸೊಂಟದ ಡಾಬು. ಪ್ರಶ್ನೆಯೂ ಸ್ವಲ್ಪ ಬೆಳೆದಿದೆ: ಆಯ್ದು ಕೊಡಲೋ, ಪೋಣಿಸಿ ಕೊಡಲೋ? 'ಎಡುಕ್ಕವೋ, ಕೋಕ್ಕವೋ' ಎಂಬ ಈ ಮಾತು ತಮಿಳರಿಗೆ ಗಾದೆಯಷ್ಟೇ ಪರಿಚಿತ. ಪಂಪನಿಂದ ಅಲ್ಲಿಗೆ ಹೋಯಿತೋ, ಇಬ್ಬರೂ ಜನರ ಬಾಯಿಂದ ಎತ್ತಿಕೊಂಡರೋ, ಅದು ಬೇರೆಯದೇ ಚರ್ಚೆ.

ಆ ಮಾತನ್ನು ತೆರೆಯ ಮೇಲೆ ತಂದು ಮನೆಮನೆಗೂ ಮುಟ್ಟಿಸಿದ್ದು ಕೋಲಾರ ಸೀಮೆಯಲ್ಲಿ ಹುಟ್ಟಿದ ಬಿ.ಆರ್. ಪಂತುಲು. ನಮಗೆ 'ಕಿತ್ತೂರು ಚೆನ್ನಮ್ಮ' ಕೊಟ್ಟವರು. ಅವರ ತಮಿಳು 'ಕರ್ಣನ್' 1964ರ ಸಂಕ್ರಾಂತಿಗೆ ಬಂತು. ಶಿವಾಜಿ ಗಣೇಶನ್ ಕರ್ಣ, ಅಶೋಕನ್ ದುರ್ಯೋಧನ, ಸಾವಿತ್ರಿ ಭಾನುಮತಿ. ಮುತ್ತು ಚೆಲ್ಲುವ ದೃಶ್ಯ ಅದರಲ್ಲಿದೆ. ಆದರೂ ಕೊನೆಗೆ ಸಾಯುತ್ತಾ ಬಿದ್ದ ಕರ್ಣನನ್ನು ನೋಡಿ ಕೃಷ್ಣ ಹಾಡುವುದು ಅನ್ನದ ಸಾಲದ ಬಗ್ಗೆಯೇ. ತಿಂದ ಅನ್ನದ ಸಾಲ ತೀರಿಸಲು ಸೇರಬಾರದ ಕಡೆ ಸೇರಿದೆಯಲ್ಲೋ ಎಂದು. ಅಂದರೆ 1964ರಲ್ಲಿ ಋಣ, ಗೆಳೆತನ ಎರಡೂ ಅಕ್ಕಪಕ್ಕ ಕೂತಿದ್ದವು. 2012ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗಲೂ ಜನ ಮುಗಿಬಿದ್ದು ನೋಡಿದರು.

ಮಣಿರತ್ನಂ ಮಾಡಿದ್ದು ಋಣವನ್ನು ತೆಳ್ಳಗೆ ಮಾಡಿದ್ದು. ದೇವನಿಂದ ಸೂರ್ಯನಿಗೆ ಉಪಕಾರ ಆಗಿದೆ, ಇಲ್ಲವೆಂದಲ್ಲ. ತನ್ನ ಕಡೆಯ ರಮಣನನ್ನು ಸೂರ್ಯ ಕೊಂದಿದ್ದರೂ, ತಪ್ಪು ರಮಣನದೇ ಎಂದು ಗೊತ್ತಾದ ಮೇಲೆ ದೇವನೇ ಅವನನ್ನು ಪೊಲೀಸರಿಂದ ಬಿಡಿಸುತ್ತಾನೆ. ಆದರೆ ಅಂಗರಾಜ್ಯದ ಹಾಗೆ ಯಾವ ಪಟ್ಟವನ್ನೂ ಕೊಡುವುದಿಲ್ಲ. ಹಬ್ಬದ ಹಾಡಿನಲ್ಲಿ ಇಬ್ಬರೂ ಸರಿಸಮ ಕುಣಿಯುತ್ತಾರೆ. ಇಳಯರಾಜಾ ಅದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಯೇಸುದಾಸ್ ಇಬ್ಬರ ದನಿಯನ್ನೂ ಕೂಡಿಸಿದ್ದಾರೆ. ಒಬ್ಬರು ಮೇಲು, ಒಬ್ಬರು ಕೆಳಗೆ ಅನ್ನಿಸುವುದೇ ಇಲ್ಲ.

ಪ್ರೀತಿಯ ಕಥೆ ಇದಕ್ಕೆ ತಾಗಿಕೊಂಡೇ ಬರುತ್ತದೆ. ಶೋಭನಾ ಮಾಡಿದ ಸುಬ್ಬುಲಕ್ಷ್ಮಿ ಬ್ರಾಹ್ಮಣರ ಮನೆಯ ಹುಡುಗಿ. ಸೂರ್ಯನಿಗಾಗಿ ಹೆಣ್ಣು ಕೇಳಲು ಹೋಗುವವನೂ ದೇವನೇ. ಅಪ್ಪ ಒಪ್ಪುವುದಿಲ್ಲ, ಹುಡುಗಿ ಕಲೆಕ್ಟರನ ಹೆಂಡತಿಯಾಗುತ್ತಾಳೆ. ದ್ರೌಪದಿಯ ಸ್ವಯಂವರ ಹೀಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಸೂರ್ಯ-ಸುಬ್ಬುಲಕ್ಷ್ಮಿ ಜೋಡಿಯ ದೊಡ್ಡ ಹಾಡನ್ನು ಚಿತ್ರೀಕರಿಸಿದ್ದು ನಮ್ಮ ಸೋಮನಾಥಪುರದ ಕೇಶವ ದೇವಾಲಯದಲ್ಲಿ. ಯುದ್ಧಕ್ಕೆ ಹೊರಟ ವೀರ, ಕಾಯುವ ಹುಡುಗಿ, ಹಿಂದೆ 13ನೇ ಶತಮಾನದ ಹೊಯ್ಸಳರ ಕಲ್ಲು. ಚಿತ್ರದ ಇನ್ನೂ ಹಲವು ಭಾಗಗಳು ಮೈಸೂರು, ಮೇಲುಕೋಟೆಯ ಸುತ್ತ ತೆಗೆದವು. ಸಂತೋಷ್ ಶಿವನ್ ಕ್ಯಾಮೆರಾ ಮತ್ತೆ ಮತ್ತೆ ಬಾನಿನ ಸೂರ್ಯನನ್ನು ನಾಯಕನ ತಲೆಯ ಹಿಂದೆ ತಂದು ನಿಲ್ಲಿಸುತ್ತದೆ. ಹೆಸರಿನ ಗುಟ್ಟನ್ನು ಮಾತಿಲ್ಲದೆ ಹೇಳುವ ದಾರಿ ಅದು.

ಮಣಿರತ್ನಂಗೆ ಈ ನೆಲ ಹೊಸದೂ ಅಲ್ಲ. ಅವರ ಮೊದಲ ಚಿತ್ರ 1983ರ 'ಪಲ್ಲವಿ ಅನುಪಲ್ಲವಿ', ಕನ್ನಡದ್ದು. ರಜನಿಕಾಂತ್ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಮದ್ರಾಸಿಗೆ ಹೋಗಿ ನಟನೆ ಕಲಿ ಎಂದು ಬೆನ್ನು ತಟ್ಟಿದ್ದು ಅವರ ಬಸ್ಸಿನ ಡ್ರೈವರ್ ಗೆಳೆಯ. ಇದಕ್ಕೂ ಚಿತ್ರಕಥೆಗೂ ಸಂಬಂಧವಿಲ್ಲ, ಸುಮ್ನೆ ನೆನಪಾಯಿತು.

ಇನ್ನೊಂದು ಎಳೆ ಬಾಕಿ ಇದೆ. ವ್ಯಾಸರಲ್ಲಿ ಕರ್ಣ ತನ್ನ ಹುಟ್ಟಿನ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ಕೃಷ್ಣನನ್ನು ಕೇಳಿಕೊಳ್ಳುತ್ತಾನೆ. 'ದಳಪತಿ'ಯ ದೇವನಿಗೆ ಅದು ತಿಳಿಯುತ್ತದೆ. ತಿಳಿದ ಮೇಲೆ ಗೆಳೆತನ ಇನ್ನೂ ಗಟ್ಟಿಯಾಗುತ್ತದೆ. ಕನ್ನಡದಲ್ಲಿ ಇಂಥ ದುರ್ಯೋಧನನನ್ನು ಹತ್ತನೇ ಶತಮಾನದಲ್ಲೇ ರನ್ನ ತೋರಿಸಿದ್ದ. 'ಗದಾಯುದ್ಧ'ದಲ್ಲಿ ರಣರಂಗದಲ್ಲಿ ಬಿದ್ದ ಕರ್ಣನ ಮುಂದೆ ನಿಂತು ಅವನು ಅಳುತ್ತಾನೆ. ನೀನು ಯಾರೆಂದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ ಎನ್ನುತ್ತಾನೆ. ಎಲ್ಲ ಗೊತ್ತಿದ್ದೂ ಅವನನ್ನು ಗೆಳೆಯನಾಗಿಯೇ ಇಟ್ಟುಕೊಂಡಿದ್ದ ದೊರೆ ಅವನು.

ಸಿನಿಮಾದಲ್ಲಿ ಈ ಅಳು ತಿರುಗುಮುರುಗಾಗುತ್ತದೆ. ಗುಂಡು ತಗಲುವುದು ದೇವನಿಗೆ, ಹೆಣದ ಮುಂದೆ ಉಳಿಯುವವನು ಸೂರ್ಯ. ಕೊಲ್ಲಿಸಿದ ಎದುರಾಳಿ ಕಲಿವರ್ಧನನನ್ನು ಅವನು ಮುಗಿಸಿ ಬರುತ್ತಾನೆ. ಅರ್ಜುನ ಹೆಂಡತಿಯ ಜೊತೆ ಬೇರೆ ಊರಿಗೆ ಹೊರಡುತ್ತಾನೆ. ತಾಯಿ ಕಲ್ಯಾಣಿ ಮಾತ್ರ ಹೋಗುವುದಿಲ್ಲ. ರೈಲಿನಲ್ಲಿ ಬಿಟ್ಟ ಮಗನ ಮನೆಯಲ್ಲೇ ಇದ್ದುಬಿಡುತ್ತಾಳೆ.